ಕಾಫಿ ಬಿಡದೆ ಕೆಫೀನ್ ಇಳಿಸುವ ಬಗೆ: ಪುಡಿ ಅಂಗಡಿಯಿಂದ ಲೋಟದವರೆಗೆ

ಮೈಸೂರು ಸೀಮೆಯಲ್ಲಿ ವೈದ್ಯರು ಕೊಡುವ ಸಲಹೆಗಳ ಪೈಕಿ ಯಾರೂ ಪಾಲಿಸದ ಸಲಹೆ ಎಂದರೆ "ಕಾಫಿ ಸ್ವಲ್ಪ ಕಡಿಮೆ ಮಾಡಿ" ಎಂಬುದು. ಸ್ವಲ್ಪ ಎಂದರೆ ಎಷ್ಟು ಎಂದು ಅವರು ಹೇಳುವುದಿಲ್ಲ, ಕೇಳಿಬಿಟ್ಟರೆ ಎಲ್ಲಿ ನಿಖರವಾಗಿ ಹೇಳಿಬಿಡುತ್ತಾರೋ ಎಂದು ನಾವೂ ಕೇಳುವುದಿಲ್ಲ. ಮನೆಗೆ ಬಂದು ನಾಲ್ಕು ಲೋಟವನ್ನು ಮೂರಕ್ಕೆ ಇಳಿಸಿ, ಆ ಮೂರಕ್ಕೂ ಡಿಕಾಕ್ಷನ್ ಸ್ವಲ್ಪ ಜಾಸ್ತಿ ಬಗ್ಗಿಸಿಕೊಂಡು, ಒಳ್ಳೆಯವರಾದೆವು ಎಂದುಕೊಳ್ಳುತ್ತೇವೆ. ದೇಹಕ್ಕೆ ಸೇರಿದ ಕೆಫೀನ್ ಮಾತ್ರ ಮೊದಲಿನಷ್ಟೇ.

ರಾತ್ರಿ ನಿದ್ದೆ ಹತ್ತದವರು, ಎದೆ ಡವಗುಟ್ಟುವವರು, ಹುಳಿತೇಗಿನ ಕಾಟದವರು ಕೆಫೀನ್ ಇಳಿಸಬೇಕಾದದ್ದು ನಿಜ. ಅದಕ್ಕಾಗಿ ಬೆಳಗಿನ ಫಿಲ್ಟರ್ ಕಾಫಿಯನ್ನೇ ತ್ಯಾಗ ಮಾಡಬೇಕಾಗಿಲ್ಲ. ಎಷ್ಟು ಕೆಫೀನ್ ಕುಡಿಯುತ್ತೇವೆ ಎಂಬುದರ ಬಹುಪಾಲು ತೀರ್ಮಾನವಾಗುವುದು ಪುಡಿ ಅಂಗಡಿಯ ತಕ್ಕಡಿಯಲ್ಲಿ. ಅಲ್ಲಿ ಸರಿಯಾದ ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಪುಡಿ ಡಬ್ಬಿಯ ಮೇಲೆ ತಾರೀಖು ಬರೆಯಿರಿ

ಲೋಟ ಎಣಿಸುವುದು ನಂಬಿಕಸ್ಥ ವಿಧಾನವಲ್ಲ. ಒಬ್ಬರ ಲೋಟ ಇನ್ನೊಬ್ಬರ ಚೊಂಬು. ಅದಕ್ಕಿಂತ ಸರಳ ದಾರಿ ಇದೆ. ಕಾಲು ಕಿಲೋ ಪುಡಿ ತಂದು ಡಬ್ಬಿಗೆ ಸುರಿದ ದಿನ, ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ತಾರೀಖು ಬರೆಯಿರಿ. ಖಾಲಿಯಾದ ದಿನವನ್ನೂ ಬರೆಯಿರಿ. ಮನೆಯಲ್ಲಿ ಕಾಫಿ ಕುಡಿಯುವವರು ಎಷ್ಟು ಜನ ಎಂಬುದು ಗೊತ್ತೇ ಇದೆ.

ಇನ್ನು ಲೆಕ್ಕ. ನಾವು ಕುಡಿಯುವ ಕಾಫಿ ಬೀಜದಲ್ಲಿ ಅರೇಬಿಕಾ, ರೋಬಸ್ಟಾ ಎಂದು ಎರಡು ಜಾತಿ. ಹುರಿದ ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 1.2ರಷ್ಟು ಕೆಫೀನ್ ಇರುತ್ತದೆ. ರೋಬಸ್ಟಾದಲ್ಲಿ ಅದು 2.2ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಕಾಫಿ ಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿಯಾದ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ನಿಮ್ಮ ಪುಡಿ ಅರೇಬಿಕಾ 80, ಚಿಕೋರಿ 20 ಎಂದಿಟ್ಟುಕೊಳ್ಳಿ. 250 ಗ್ರಾಂನಲ್ಲಿ ಕಾಫಿ 200 ಗ್ರಾಂ, ಅದರಲ್ಲಿ ಕೆಫೀನ್ ಸುಮಾರು 2,400 ಮಿಲಿಗ್ರಾಂ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಅದು ನಾಲ್ಕು ದಿನಕ್ಕೆ ಮುಗಿದರೆ ದಿನಕ್ಕೆ 600, ತಲೆಗೆ 300. ಎಂಟು ದಿನ ಬಂದರೆ ತಲೆಗೆ 150. ಚರಟದಲ್ಲಿ ಒಂದಿಷ್ಟು ಉಳಿದುಹೋಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಅಡುಗೆಮನೆಗೆ ಇಷ್ಟು ನಿಖರತೆ ಸಾಕು.

ಈ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆರೋಗ್ಯವಂತ ವಯಸ್ಕರಿಗೆ 400ರವರೆಗೆ ಅಡ್ಡಿಯಿಲ್ಲ ಎಂದು 2015ರಲ್ಲಿ ಹೇಳಿತು, ಗರ್ಭಿಣಿಯರಿಗೆ 200. ನಮ್ಮ ಜನರ ಮೈಕಟ್ಟು ನೋಡಿದರೆ 300 ಎಂಬುದೇ ವಿವೇಕದ ಗಡಿ ಎಂದು ನನಗನ್ನಿಸುತ್ತದೆ. ಆದರೂ ಅದು ಗಡಿಯೇ ಹೊರತು ಗುರಿಯಲ್ಲ. ನಿದ್ದೆ ಕೆಡುವವರಿಗೆ 150 ಕೂಡ ಹೆಚ್ಚಾದೀತು.

ಮುಂದಿನ ಸಲ ವೈದ್ಯರು "ದಿನಕ್ಕೆ ಎಷ್ಟು ಕಾಫಿ?" ಎಂದು ಕೇಳಿದಾಗ ಲೋಟದ ಸಂಖ್ಯೆಯ ಜೊತೆಗೆ "ಕಾಲು ಕಿಲೋ ಇಷ್ಟು ದಿನ ಬರುತ್ತದೆ, ಕುಡಿಯುವವರು ಇಷ್ಟು ಜನ" ಎಂದೂ ಹೇಳಿ. ಅದು ಸುಳ್ಳು ಹೇಳಲಾಗದ ಉತ್ತರ.

ಪುಡಿ ಅಂಗಡಿಯಲ್ಲಿ ಏನು ಕೇಳಬೇಕು

ಕಣ್ಣೆದುರೇ ಬೀಜ ತೂಗಿ, ಬೀಸಿ, ಬಿಸಿಬಿಸಿ ಪುಡಿ ಕಟ್ಟಿಕೊಡುವ ಅಂಗಡಿಗಳು ಮೈಸೂರಿನ ಹಳೆಯ ಬಡಾವಣೆಗಳಲ್ಲೂ ಮಂಡ್ಯದ ಪೇಟೆಯಲ್ಲೂ ಇನ್ನೂ ಉಳಿದಿವೆ. ಅದು ನಮ್ಮ ಪುಣ್ಯ. ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಕೊಳ್ಳುವವರಿಗೆ ಈ ಸೌಲಭ್ಯವಿಲ್ಲ. ಆದರೆ ಅಂಗಡಿಗೆ ಹೋಗಿ "ಎಂದಿನ ಪುಡಿ ಕೊಡಿ" ಎಂದಷ್ಟೇ ಹೇಳಿ ಬರುವವರು ಆ ಸೌಲಭ್ಯವನ್ನು ವ್ಯರ್ಥ ಮಾಡಿದಂತೆ.

ಮೊದಲ ಪ್ರಶ್ನೆ: ಇದರಲ್ಲಿ ರೋಬಸ್ಟಾ ಎಷ್ಟು? ಬಹಳ ಜನ ಚಿಕೋರಿಯ ಬಗ್ಗೆ ಮಾತ್ರ ವಿಚಾರಿಸುತ್ತಾರೆ. ಕೆಫೀನಿನ ಮಟ್ಟಿಗೆ ಚಿಕೋರಿಗಿಂತ ರೋಬಸ್ಟಾದ ಪ್ರಶ್ನೆ ದೊಡ್ಡದು. ಮೂವತ್ತು ಗ್ರಾಂ ಶುದ್ಧ ಅರೇಬಿಕಾದಲ್ಲಿ 360 ಮಿಲಿಗ್ರಾಂ ಕೆಫೀನ್ ಇದೆ. ಅದೇ ಮೂವತ್ತು ಗ್ರಾಂ, ಚಿಕೋರಿ 30, ಉಳಿದದ್ದರಲ್ಲಿ ಅರ್ಧ ಅರೇಬಿಕಾ ಅರ್ಧ ರೋಬಸ್ಟಾ ಆದರೆ? 357. ಚಿಕೋರಿ ಕಳೆದದ್ದನ್ನೆಲ್ಲ ರೋಬಸ್ಟಾ ವಾಪಸು ತಂದು ಕೂರಿಸಿತು. "ನಮ್ಮದು ಚಿಕೋರಿ ಹಾಕಿದ ಲೈಟ್ ಪುಡಿ" ಎಂದು ನೆಮ್ಮದಿಯಾಗಿರುವವರು ಇದನ್ನು ಒಮ್ಮೆ ಗಮನಿಸಬೇಕು.

ರೋಬಸ್ಟಾ ಕೆಟ್ಟದ್ದೆಂದು ಇದರರ್ಥವಲ್ಲ. ಗಟ್ಟಿ ಡಿಕಾಕ್ಷನ್, ದಟ್ಟ ನೊರೆ, ಹಾಲಿಗೆ ಬಗ್ಗದ ಕಹಿ ಇವೆಲ್ಲ ಅದರ ಕೊಡುಗೆ. ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೊಕ್ಕರೆ ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಅರೇಬಿಕಾವನ್ನು ಹೈರಾಣಾಗಿಸುವ ಎಲೆ ತುಕ್ಕು ರೋಗವನ್ನು ತಡೆದುಕೊಂಡು ಅದು ನಿಲ್ಲುತ್ತದೆ. ಇತ್ತ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಕ್ಕೆ, ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದರೆಂದು ಹೇಳಲಾಗುವ ಬಾಬಾ ಬುಡನ್ ಅವರ ಹೆಸರಿನಲ್ಲಿ ಬೆಳೆದದ್ದು ಅರೇಬಿಕಾ. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಕೂರ್ಗ್ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಕೆಫೀನ್ ಇಳಿಸಬೇಕೆನ್ನುವವರಿಗೆ ಬೇಕಾದದ್ದು ಈ ಕಡೆಯ ಬೀಜ.

ಅಂಗಡಿಯವರ ಮಾತು ಅರ್ಥವಾಗಲು ನಾಲ್ಕು ಪದ ತಿಳಿದಿದ್ದರೆ ಸಾಕು. ಪ್ಲಾಂಟೇಷನ್ ಎ ಎಂದರೆ ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾ, ಅದರಲ್ಲೂ ದಪ್ಪ ಕಾಳು. ಚೆರಿ ಎಂದರೆ ಹಣ್ಣನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ್ದು, ಇದು ಎರಡು ಜಾತಿಯಲ್ಲೂ ಉಂಟು. ಪಾರ್ಚ್‌ಮೆಂಟ್ ಎಂಬ ಹೆಸರು ರೋಬಸ್ಟಾದ ಜೊತೆ ಬಂದರೆ ತೊಳೆದ ರೋಬಸ್ಟಾ ಎಂದರ್ಥ. ಪೀಬೆರಿ ಎಂದರೆ ಹಣ್ಣಿನೊಳಗೆ ಎರಡು ಬೀಜಕ್ಕೆ ಬದಲು ಒಂದೇ ದುಂಡು ಬೀಜ ಕೂತಿರುವುದು. ಮೈಸೂರಿನವರಿಗೆ ಪೀಬೆರಿಯ ಮೇಲೆ ವಿಶೇಷ ಮಮತೆ. ಆದರೆ ಬರೀ "ಪೀಬೆರಿ ಕೊಡಿ" ಎಂದರೆ ಸಾಲದು, ರೋಬಸ್ಟಾದಲ್ಲೂ ಪೀಬೆರಿ ಇದೆ. "ಅರೇಬಿಕಾ ಪೀಬೆರಿ ಅರ್ಧ, ಪ್ಲಾಂಟೇಷನ್ ಎ ಅರ್ಧ" ಎಂದು ಬಿಡಿಸಿ ಹೇಳಿ.

ಎರಡನೆಯ ಪ್ರಶ್ನೆ ಚಿಕೋರಿಯ ಪ್ರಮಾಣ. ಇಲ್ಲೊಂದು ಸಣ್ಣ ಗೊಂದಲ ಸಾಮಾನ್ಯ. "ಇಪ್ಪತ್ತು ಪರ್ಸೆಂಟ್" ಎಂದರೆ ಒಬ್ಬರು 800 ಗ್ರಾಂ ಕಾಫಿಗೆ 200 ಗ್ರಾಂ ಚಿಕೋರಿ ಸೇರಿಸಬಹುದು, ಇನ್ನೊಬ್ಬರು ಒಂದು ಕಿಲೋ ಕಾಫಿಯ ಮೇಲೆ 200 ಗ್ರಾಂ ಹಾಕಬಹುದು. ಎರಡನೆಯದು ನಿಜವಾಗಿ 16.7ರಷ್ಟೇ. ಒಟ್ಟು ತೂಕದಲ್ಲಿ ಎಷ್ಟು ಎಂದು ಕೇಳಿ. ಪ್ಯಾಕೆಟ್ ಪುಡಿಯಾದರೆ ಈ ತಲೆನೋವಿಲ್ಲ: ಕಾಫಿ ಮತ್ತು ಚಿಕೋರಿಯ ಪ್ರಮಾಣವನ್ನು ಮೇಲೆ ಮುದ್ರಿಸಲೇಬೇಕು, ಕಾಫಿ 51ಕ್ಕಿಂತ ಕಡಿಮೆ ಇರುವಂತಿಲ್ಲ ಎಂದು ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಅನುಮಾನ ಬಂದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. ಎಷ್ಟು ಬೆರೆಸಿದ್ದಾರೆ ಎಂದು ಇದರಿಂದ ಅಳೆಯಲಾಗದು, ಬೆರೆಸಿದ್ದಾರೆಯೇ ಎಂಬುದು ತಿಳಿಯುತ್ತದೆ.

ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಪಂಗಡದವನಲ್ಲ. ಅದೊಂದು ಗಿಡದ ಬೇರು, ಹುರಿದಾಗ ಕಾಫಿಯ ಬಣ್ಣ ಮತ್ತು ತುಸು ಸಿಹಿಕಹಿ ಬರುತ್ತದೆ. ಕೆಫೀನ್ ಇಳಿಸುವವರಿಗೆ ಇದಕ್ಕಿಂತ ದೊಡ್ಡ ನೆಂಟ ಇಲ್ಲ. ಇನುಲಿನ್ ಎಂಬ ನಾರಿನಂಶ ಇರುವುದರಿಂದ ಪ್ರಮಾಣ ಏರಿದಾಗ ಕೆಲವರಿಗೆ ಹೊಟ್ಟೆ ಉಬ್ಬರ ಬರುವುದುಂಟು, ಅಷ್ಟೇ.

ಕಪ್ಪಗೆ ಹುರಿದದ್ದು "ಸ್ಟ್ರಾಂಗ್", ಹಾಗಾಗಿ ಕೆಫೀನ್ ಜಾಸ್ತಿ ಎಂಬ ನಂಬಿಕೆಯೊಂದಿದೆ. ಹುರಿಯುವುದರಿಂದ ಕೆಫೀನ್ ಹೇಳಿಕೊಳ್ಳುವಷ್ಟು ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಹದ ನಿಮ್ಮ ನಾಲಿಗೆಗೆ ಬಿಟ್ಟದ್ದು.

ಒಂದೇ ಸಲ ಕಿಲೋಗಟ್ಟಲೆ ಕಟ್ಟಿಸಬೇಡಿ. ಬೀಸಿದ ಪುಡಿಯ ಘಮ ವಾರದಲ್ಲೇ ಇಳಿಯತೊಡಗುತ್ತದೆ, ಘಮ ಇಳಿದಂತೆ ಕೈ ತಾನಾಗಿ ಇನ್ನೊಂದು ಚಮಚ ಹಾಕುತ್ತದೆ.

ಎಷ್ಟು ವೇಗವಾಗಿ ಇಳಿಸಬೇಕು

ಒಮ್ಮೆಗೇ ನಿಲ್ಲಿಸುವ ಶೌರ್ಯ ಬೇಡ. ದಿನವೂ ಕುಡಿಯುವವರು ತಟ್ಟನೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗುತ್ತವೆ. ಒಂದೆರಡು ದಿನದಲ್ಲಿ ಉಲ್ಬಣಿಸಿ, ಎರಡರಿಂದ ಒಂಬತ್ತು ದಿನದವರೆಗೆ ಕಾಡಬಹುದು. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ದಣಿವಿನ ಸುದ್ದಿ ಮುಟ್ಟಿಸುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುವುದರಿಂದ ನಮಗೆ ದಣಿವು ತಿಳಿಯುವುದಿಲ್ಲ. ಕೆಫೀನ್ ಎದ್ದು ಹೋದ ದಿನ ಅಡೆನೊಸಿನ್ ಒಟ್ಟಿಗೆ ನುಗ್ಗುತ್ತದೆ, ತಲೆಯ ರಕ್ತನಾಳಗಳು ಹಿಗ್ಗುತ್ತವೆ. ಏಕಾದಶಿಯಂದು ನಿರಾಹಾರ ಮಾಡಿ ಮಧ್ಯಾಹ್ನಕ್ಕೆ ತಲೆ ಹಿಡಿದು ಕೂರುವವರಲ್ಲಿ ಬಹಳ ಜನರ ನೋವು ಅನ್ನ ಬಿಟ್ಟದ್ದರಿಂದ ಬಂದದ್ದಲ್ಲ, ಕಾಫಿ ಬಿಟ್ಟದ್ದರಿಂದ ಬಂದದ್ದು. ಅಂಥವರು ಉಪವಾಸಕ್ಕೆ ಮೂರು ನಾಲ್ಕು ದಿನ ಮೊದಲೇ ಲೋಟ ಸಣ್ಣದು ಮಾಡಿಕೊಳ್ಳುತ್ತಾ ಬರುವುದು ಒಳ್ಳೆಯದು. ನೋವಿಗೆ ಮಾತ್ರೆ ನುಂಗುವ ಮೊದಲು ಅದರ ಪಟ್ಟಿಯ ಹಿಂಭಾಗ ಓದಿ: ತಲೆನೋವಿನ ಕೆಲವು ಮಾತ್ರೆಗಳಲ್ಲಿ ಕೆಫೀನ್ ಸೇರಿರುತ್ತದೆ.

ನಾನು ಹೇಳುವ ಕ್ರಮ ಹೀಗೆ. ಈಗಿನ ಪ್ಯಾಕೆಟ್ 80:20 ಇದ್ದರೆ ಮುಂದಿನದು 70:30, ಅದರ ಮುಂದಿನದು 60:40. ಪುಡಿಯ ಖರ್ಚು ಅಷ್ಟೇ ಇದ್ದರೂ ಕೆಫೀನ್ ಕಾಲುಭಾಗ ಇಳಿದಿರುತ್ತದೆ. ಚಿಕೋರಿ ಡಿಕಾಕ್ಷನ್‌ಗೆ ಗಟ್ಟಿತನ ಕೊಡುವುದರಿಂದ ಪುಡಿಯೂ ಸ್ವಲ್ಪ ಕಡಿಮೆ ಸಾಕಾಗುತ್ತದೆ. ನಲವತ್ತರ ಆಚೆಗೆ ಹೋಗಬೇಡಿ, ಅದು ಕಾಫಿಯಾಗಿ ಉಳಿಯುವುದಿಲ್ಲ. ಮನೆಯವರಿಗೆ ಮೊದಲೇ ಹೇಳಬೇಕೇ ಎಂಬುದು ನಿಮ್ಮ ಸಂಸಾರದ ವಿಚಾರ. ಹೇಳಿದರೆ ಮೊದಲ ಗುಟುಕಿಗೇ "ಇದೇನು ಕಾಫಿಯೇ?" ಎಂಬ ಮಾತು ಬರುತ್ತದೆ, ಹೇಳದಿದ್ದರೆ ಬಹಳ ಮನೆಗಳಲ್ಲಿ ಬರುವುದಿಲ್ಲ.

ಕೆಫೀನ್ ತೆಗೆದ ಪುಡಿಯೂ ಸಿಗುತ್ತದೆ, ಬೆಲೆ ಹೆಚ್ಚು, ರುಚಿ ಸಪ್ಪೆ. ಬೇಕಿದ್ದರೆ ಎಂದಿನ ಪುಡಿಗೆ ಅರ್ಧಕ್ಕರ್ಧ ಬೆರೆಸಿ ನೋಡಿ.

ಡಿಕಾಕ್ಷನ್ ಇಳಿಸುವಾಗ

ಪುಡಿ ಕಡಿಮೆ ಹಾಕಿಯೂ ರುಚಿ ಉಳಿಯಬೇಕಾದರೆ ಡಿಕಾಕ್ಷನ್ ಸರಿಯಾಗಿ ಇಳಿಯಬೇಕು. ನೀರಾದ ಡಿಕಾಕ್ಷನ್ ಇರುವ ಮನೆಯಲ್ಲಿ ಕೆಫೀನ್ ಎಂದೂ ಇಳಿಯದು. ರುಚಿ ಸಾಲದೆ ಇನ್ನೊಂದು ಲೋಟ ಬೇಕೆನಿಸುತ್ತದೆ.

ಫಿಲ್ಟರ್ ಒಣಗಿರಬೇಕು. ಒದ್ದೆ ತಳಕ್ಕೆ ಪುಡಿ ಹಾಕಿದರೆ ಅಲ್ಲೇ ಮೆತ್ತಿಕೊಂಡು ತೂತು ಮುಚ್ಚುತ್ತದೆ. ನಾಲ್ಕು ಸಣ್ಣ ಲೋಟಕ್ಕೆ 30 ಗ್ರಾಂ ಪುಡಿ ಲೆಕ್ಕ. ತಕ್ಕಡಿ ಇಲ್ಲದವರು ಅಂಗಡಿಯಲ್ಲೇ 30 ಗ್ರಾಂ ಬೇರೆ ಕಟ್ಟಿಸಿಕೊಂಡು ಬಂದು, ಮನೆಯ ಚಮಚದಲ್ಲಿ ಅದೆಷ್ಟಾಗುತ್ತದೆ ಎಂದು ಒಂದು ಸಲ ನೋಡಿಟ್ಟುಕೊಂಡರೆ ಆಯಿತು. ಪುಡಿ ಹಾಕಿ ಬದಿಯನ್ನು ಒಂದೆರಡು ಬಾರಿ ತಟ್ಟಿ ಮಟ್ಟ ಮಾಡಿ. ಹಿಡಿಯಿರುವ ತೂತಿನ ಬಿಲ್ಲೆಯನ್ನು ಮೇಲೆ ಹಗುರವಾಗಿ ಕೂರಿಸಿ, ಒತ್ತಬೇಡಿ.

ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುತ್ತಲೂ ಹಾಕಿ, ಅದು ಉಬ್ಬಿ ಘಮ ಬಿಡುವವರೆಗೆ ಕಾಯಿರಿ. ಅನಂತರ ಉಳಿದ ನೀರು, ಒಟ್ಟು 180 ಮಿಲಿಲೀಟರ್ ಇರಲಿ. ಮುಚ್ಚಳ ಹಾಕಿ ಹದಿನೈದು ಇಪ್ಪತ್ತು ನಿಮಿಷ ಅದರ ಗೊಡವೆಗೆ ಹೋಗಬೇಡಿ. ಐದೇ ನಿಮಿಷಕ್ಕೆ ಎಲ್ಲ ಇಳಿದುಬಿಟ್ಟರೆ ಪುಡಿ ತರಿ ಎಂದರ್ಥ. ಗಂಟೆಯಾದರೂ ಇಳಿಯದಿದ್ದರೆ ಪುಡಿ ತೀರಾ ನುಣುಪು ಅಥವಾ ಚಿಕೋರಿ ಹೆಚ್ಚು, ಅದು ನೀರು ಕುಡಿದು ಉಬ್ಬುತ್ತದೆ. 60:40ಕ್ಕೆ ಇಳಿದವರು ಅಂಗಡಿಯಲ್ಲಿ "ತುಸು ತರಿಯಾಗಿ ಬೀಸಿ" ಎಂದು ಹೇಳಬೇಕಾಗುತ್ತದೆ. ತೂತು ಕಟ್ಟಿದ ಸ್ಟೀಲ್ ಫಿಲ್ಟರ್‌ನ ಮೇಲಿನ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಹಿಡಿದು, ಒಳಗೆ ಅಂಟಿದ್ದು ಸುಟ್ಟು ಉದುರಿದ ಮೇಲೆ ಉಜ್ಜಿ ತೊಳೆದರೆ ಹೊಸದರಂತಾಗುತ್ತದೆ.

ಎರಡನೆಯ ಡಿಕಾಕ್ಷನ್ ಬಗ್ಗೆ ಒಂದು ಮಾತು. 30 ಗ್ರಾಂ ಪುಡಿ ಸುಮಾರು 60 ಮಿಲಿಲೀಟರ್ ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕರಗಿದ ಕೆಫೀನಿನಲ್ಲಿ ಒಂದು ಪಾಲು ಆ ಚರಟದಲ್ಲೇ ಉಳಿದು ಎರಡನೆಯದಕ್ಕೆ ಬರುತ್ತದೆ, ಬಹುಪಾಲು ಮೊದಲನೆಯದರಲ್ಲೇ ಹೋಗಿರುತ್ತದೆ. ಹಾಗಾಗಿ ಎರಡನ್ನೂ ಬೆರೆಸಿಬಿಡುವ ಪದ್ಧತಿಯನ್ನು ಬಿಟ್ಟು, ಮೊದಲನೆಯದು ಬೆಳಗಿಗೆ, ಎರಡನೆಯದು ಹನ್ನೊಂದರ ಕಾಫಿಗೆ ಎಂದು ಇಟ್ಟುಕೊಳ್ಳಿ. ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಕುದಿಸಬೇಡಿ, ಹಾಲು ಮಾತ್ರ ಆಗಷ್ಟೇ ಉಕ್ಕಿ ಬಂದದ್ದಿರಲಿ. ಹಾಲು ಜಾಸ್ತಿ ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ. ಡಿಕಾಕ್ಷನ್ ಅಷ್ಟೇ ಇದ್ದ ಮೇಲೆ ಕೆಫೀನೂ ಅಷ್ಟೇ.

ಮಂಡ್ಯದ ಕಡೆಯ ಬೆಲ್ಲದ ಕಾಫಿ ಮಾಡುವವರು ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಸೋಸಿ, ಲೋಟದಲ್ಲಿ ಡಿಕಾಕ್ಷನ್ ಜೊತೆ ಬೆರೆಸಿ, ಒಲೆಯಿಂದಿಳಿಸಿ ಕುದಿ ತಗ್ಗಿದ ಹಾಲನ್ನು ಕೊನೆಗೆ ಸುರಿಯಿರಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ ಎಂಬುದನ್ನು ಆಲೆಮನೆಯ ಅಭಿಮಾನಿಗಳು ಒಪ್ಪುವುದಿಲ್ಲ, ರಕ್ತ ಪರೀಕ್ಷೆ ಒಪ್ಪುತ್ತದೆ.

ಸಂಜೆ, ನೆಂಟರು, ಹೋಟೆಲು

ದೇಹ ಒಳಹೊಕ್ಕ ಕೆಫೀನಿನಲ್ಲಿ ಅರ್ಧದಷ್ಟನ್ನು ಹೊರಹಾಕಲು ಸಾಮಾನ್ಯವಾಗಿ ಐದು ಗಂಟೆ ತೆಗೆದುಕೊಳ್ಳುತ್ತದೆ. ಸಂಜೆ ಐದಕ್ಕೆ 100 ಮಿಲಿಗ್ರಾಂ ಕುಡಿದರೆ ರಾತ್ರಿ ಹತ್ತಕ್ಕೆ ಇನ್ನೂ 50 ಉಳಿದಿರುತ್ತದೆ, ಬೆಳಗಿನ ಜಾವ ಮೂರಕ್ಕೆ 25. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಈ ಅವಧಿ ಬಹಳ ಹಿಗ್ಗುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಅಷ್ಟೇ. "ನಾನು ರಾತ್ರಿ ಕುಡಿದು ಮಲಗಿದರೂ ನಿದ್ದೆ ಬರುತ್ತದೆ" ಎನ್ನುವವರಿಗೆ ನಿದ್ದೆ ಬರುವುದು ನಿಜ, ಗಾಢವಾಗಿರುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ಕೆಫೀನ್ ಬೇಡ ಎಂಬುದೊಂದು ನಿಯಮ ಇಟ್ಟುಕೊಂಡರೆ ಉಳಿದ ಎಷ್ಟೋ ಲೆಕ್ಕ ಹಾಕುವ ತಾಪತ್ರಯ ತಪ್ಪುತ್ತದೆ.

ಆದರೆ ಸಂಜೆ ನೆಂಟರು ಬರುತ್ತಾರೆ, ಕಾಫಿ ಕೊಡದೆ ಕಳಿಸುವುದು ನಮ್ಮ ಊರಿನಲ್ಲಿ ಆಗದ ಮಾತು, ಅವರ ಜೊತೆ ನಾವು ಕುಡಿಯದಿರುವುದೂ ಸರಿಯಲ್ಲ. ಇದಕ್ಕೆ ಕಷಾಯದ ಪುಡಿ ಮಾಡಿಟ್ಟುಕೊಳ್ಳಿ: ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಅರ್ಧ ಪಾಲು ಕಾಳುಮೆಣಸು, ಒಂದು ತುಂಡು ಒಣಶುಂಠಿ. ಬೇರೆ ಬೇರೆಯಾಗಿ ಘಮ ಬರುವಂತೆ ಹುರಿದು ತರಿಯಾಗಿ ಪುಡಿ ಮಾಡಿ. ಒಂದು ಚಮಚ ಪುಡಿ ನೀರಿನಲ್ಲಿ ಕುದಿಸಿ, ಸೋಸಿ, ಹಾಲು ಬೆರೆಸಿ ಅದೇ ಸ್ಟೀಲ್ ಲೋಟದಲ್ಲಿ ಹಿಡಿದು ಕುಳಿತರೆ ಯಾರೂ ವಿಚಾರಿಸುವುದಿಲ್ಲ.

ಹೋಟೆಲಿನಲ್ಲಿ ಯಾವ ಪುಡಿ, ಎಷ್ಟು ಚಿಕೋರಿ ಎಂದು ಕೇಳುತ್ತಾ ಕೂರಲಾಗದು. ಒಂದು ಲೋಟಕ್ಕೆ 100 ಎಂದು ಹಿಡಿಯಿರಿ. ಅಲ್ಲಿ ನಮಗಿರುವ ಅಸ್ತ್ರ ಬೈ-ಟೂ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಈ ಪದ್ಧತಿ ಹುಟ್ಟಿದ್ದು ಜೇಬಿನ ಹಿತಕ್ಕಾಗಿಯೇ ಇರಬಹುದು, ನಿದ್ದೆಗೂ ಅದು ಹಿತವೇ. ಜೊತೆಗಾರ ಸಿಗದಿದ್ದರೆ "ಲೈಟ್" ಎಂದು ಹೇಳಿ, ಡಿಕಾಕ್ಷನ್ ಕಡಿಮೆ ಬೀಳುತ್ತದೆ.

ಟೀ ಕುಡಿದರೆ ಪಾರಾದೆವು ಎಂದುಕೊಳ್ಳುವವರಿಗೆ: ಅದೇ 2024ರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120, ದಿಢೀರ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಕಚೇರಿಯಲ್ಲಿ ನಾಲ್ಕು ಸಲ ಬರುವ ಸಣ್ಣ ಕಪ್ಪು, ಡಸ್ಟ್ ಪುಡಿಯನ್ನು ಗಂಟೆಗಟ್ಟಲೆ ಕುದಿಸಿದ ಟೀ ಆಗಿದ್ದರೆ, ಲೆಕ್ಕದ ಮೇಲಿನ ತುದಿಯನ್ನೇ ಹಿಡಿಯಿರಿ.

ಊಟ, ಮಾತ್ರೆ, ತಪಾಸಣೆ

ಇದು ಕೆಫೀನಿನ ವಿಷಯವಲ್ಲ, ಆದರೂ ಮುಖ್ಯ. ಕಾಫಿ ಟೀಗಳಲ್ಲಿರುವ ಟ್ಯಾನಿನ್ ಮುಂತಾದ ಪಾಲಿಫಿನಾಲ್‌ಗಳು ಊಟದಲ್ಲಿನ ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತವೆ. ಟೀ ಇದರಲ್ಲಿ ಕಾಫಿಗಿಂತ ಮುಂದೆ. ಮುದ್ದೆ, ಸೊಪ್ಪು, ಕಾಳಿನ ಸಾರು ಉಂಡು ಕೈ ತೊಳೆದ ಕೂಡಲೇ ಟೀ ಕುಡಿದರೆ ಆ ಸೊಪ್ಪು ತಿಂದದ್ದರಲ್ಲಿ ಒಳ್ಳೆಯ ಪಾಲು ನಷ್ಟ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಅನಂತರ ಎರಡನ್ನೂ ದೂರವಿಡಿ ಎಂದು ಮಾರ್ಗಸೂಚಿ ಹೇಳುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇರುವ ಹೆಣ್ಣುಮಕ್ಕಳು ಮತ್ತು ಬಸುರಿಯರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕೆಫೀನ್ ತೆಗೆದ ಪುಡಿ ಇಲ್ಲಿ ನೆರವಿಗೆ ಬಾರದು, ಪಾಲಿಫಿನಾಲ್ ಅದರಲ್ಲೂ ಇರುತ್ತದೆ.

ಕಬ್ಬಿಣದ ಮಾತ್ರೆಯನ್ನು ಕಾಫಿಯೊಡನೆ ನುಂಗಬೇಡಿ. ಥೈರಾಯ್ಡ್ ಮಾತ್ರೆಯನ್ನು ಬರಿ ಹೊಟ್ಟೆಗೆ ನೀರಿನ ಜೊತೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಕಾದು ಅನಂತರ ಕಾಫಿ. ಬೆಳಗ್ಗೆ ಎದ್ದ ತಕ್ಷಣ ಲೋಟ ಹುಡುಕುವವರು ಮಾತ್ರೆಯ ಡಬ್ಬಿಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡರೆ ಹಲ್ಲುಜ್ಜಿ ಬರುವಷ್ಟರಲ್ಲಿ ಸಮಯ ಓಡಿರುತ್ತದೆ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಹೋಗುವ ದಿನ ಹಾಲು ಸಕ್ಕರೆ ಹಾಕದ ಕರಿ ಕಾಫಿಯೂ ಬೇಡ, ನೀರಷ್ಟೇ. ರಕ್ತದೊತ್ತಡ ಅಳೆಸುವ ಮುನ್ನ ಅರ್ಧ ಗಂಟೆ ಕಾಫಿ ಮುಟ್ಟಬೇಡಿ: ಕೆಫೀನ್ ಒತ್ತಡವನ್ನು ತಾತ್ಕಾಲಿಕವಾಗಿ ಏರಿಸುತ್ತದೆ, ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಒಂದು ಲೋಟ ಇಳಿಸಿಕೊಂಡು ಒಳಗೆ ಹೋದರೆ ಇಲ್ಲದ ಮಾತ್ರೆ ಬರೆಸಿಕೊಂಡು ಬರಬೇಕಾದೀತು.